ಕೊಲಾಜ್ ಸಾಮಾನಿಗೆ ನಮ್ಮ ಬಡಾವಣೆಯ ಗುಜರಿ ಅಂಗಡಿ

ಕೊಲಾಜ್ ಅಂದರೆ ಕಾಗದ, ಪಟ ಕತ್ತರಿಸಿ ಅಂಟಿಸಿ ಮಾಡುವ ಚಿತ್ರ. ಅದಕ್ಕೆ ಅಂತಲೇ ಆನ್‌ಲೈನ್‌ನಲ್ಲಿ ಕಿಟ್ ಸಿಗುತ್ತದೆ. ಚೆಂದದ ಡಬ್ಬಿ, ಒಳಗೆ ಹಳೇ ಕಾಲದ್ದು ಅಂತ ಹೊಸದಾಗಿ ಅಚ್ಚು ಹಾಕಿದ ಹೂವು, ಚಿಟ್ಟೆ, ವಿದೇಶಿ ಅಂಚೆಚೀಟಿ. ಎಲ್ಲರ ಡಬ್ಬಿಯಲ್ಲೂ ಅದೇ ಚಿಟ್ಟೆ! ನನ್ನ ಓಟು ಮೈಸೂರಿನ ನಮ್ಮ ಬಡಾವಣೆಯ ಗುಜರಿ ಅಂಗಡಿಗೆ.

ಮುಂದೆ ತಕ್ಕಡಿ, ಹಿಂದೆ ಸೂರು ಮುಟ್ಟುವ ಪೇಪರ್ ರಾಶಿ. ಹಳೇ ವಾರಪತ್ರಿಕೆ, ಲಗ್ನಪತ್ರಿಕೆ, ಶಾಲೆಯ ಚಾರ್ಟು, ದೇವರ ಕ್ಯಾಲೆಂಡರು, ಏನು ಬೇಕಾದರೂ ಕೆದಕಿ ತೆಗೆಯಬಹುದು. ಹೋದ ಸಲ 'ಆದರ್ಶ ಬಾಲಕ' ಚಾರ್ಟು ಸಿಕ್ಕಿತು. ಬೇಗ ಎದ್ದು, ಹಲ್ಲುಜ್ಜಿ, ಅಪ್ಪ ಅಮ್ಮನಿಗೆ ಕೈ ಮುಗಿಯುವ ಅದೇ ಹುಡುಗ. ಅವನ ತಲೆ ಕತ್ತರಿಸಿ ಕುಕ್ಕರ್ ಜಾಹೀರಾತಿನ ವಿಷಲ್ ಇರುವ ಜಾಗದಲ್ಲಿ ಕೂರಿಸಿದೆ. ಸುತ್ತ ಅಂಚಿಗೆ ನೀಲಿ ಹಾಲಿನ ಪ್ಯಾಕೆಟ್ಟಿನ ಪಟ್ಟಿ. ಪರೀಕ್ಷೆ ಇರುವ ಮಕ್ಕಳ ಮನೆಯವರೆಲ್ಲ ನೋಡಿ ನಕ್ಕರು.

ಇದೂ ಒಂದು ಕಲೆನಾ ಅಂತ ನಮ್ಮ ಮನೆಯವರ ಪ್ರಶ್ನೆ. 1912ರಲ್ಲೇ ಚಿತ್ರಕಾರ ಪಿಕಾಸೊ ಬೆತ್ತದ ಹೆಣಿಗೆ ಅಚ್ಚಾಗಿದ್ದ ಆಯಿಲ್‌ಕ್ಲಾತ್ ತುಂಡನ್ನು ಚಿತ್ರಕ್ಕೆ ಅಂಟಿಸಿ, ಸುತ್ತ ಹಗ್ಗವನ್ನೇ ಚೌಕಟ್ಟು ಮಾಡಿದ್ದ. ಅವನನ್ನು ಬಿಡಿ. ರವಿವರ್ಮನ ಪಟದ ಲಕ್ಷ್ಮಿಗೆ ಬಟ್ಟೆ, ಜರಿ, ಚಮ್ಕಿ ಅಂಟಿಸಿ ಸೀರೆ ಉಡಿಸುತ್ತಿದ್ದರಲ್ಲ ಹಿಂದಿನ ಹೆಂಗಸರು, ಅದೂ ಇದೇ ಕೆಲಸ ಅಲ್ವಾ?

ಸಾಮಾನಿನ ಗುಣಮಟ್ಟ ಒಂದೊಂದರದು ಒಂದೊಂದು ಥರ. ಕ್ಯಾಲೆಂಡರ್ ಕಾಗದ ದಪ್ಪ, ಬಣ್ಣವೂ ಗಟ್ಟಿ. ಇದಕ್ಕೆ ಮೈದಾ ಅಂಟೇ ಸಾಕು. ಹುಳ ಹಿಡಿಯದ ಹಾಗೆ ಬೈಂಡಿಂಗ್‌ನವರು ಅದಕ್ಕೆ ಚಿಟಿಕೆ ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕುತ್ತಾರೆ. ಅದು ವಿಷ, ಅಡುಗೆ ಪಾತ್ರೆಯಲ್ಲಿ ಮಾತ್ರ ಕಾಯಿಸಬೇಡಿ. ವಾರಪತ್ರಿಕೆಯ ಕಾಗದ ತೆಳು. ಅಂಟಿನ ನೀರು ತಾಗಿದರೆ ಹಿಂದಿನ ಪುಟದ ಅಕ್ಷರ ಮುಂದೆ ಮೂಡಿ, ನಟಿಯ ಕೆನ್ನೆ ಮೇಲೆ ರಾಶಿಭವಿಷ್ಯ ಕಾಣಿಸುತ್ತದೆ. ನನಗೆ ಅದು ಇಷ್ಟ. ಬೇಡದವರು ಗ್ಲೂ ಸ್ಟಿಕ್ ಬಳಸಿ. ಮದುವೆ ಕಾರ್ಡಿನ ಚಿನ್ನದ ಬಣ್ಣದ ಗಣಪತಿ ನೋಡಲು ಜೋರು, ಆದರೆ ಮಡಿಸಿದರೆ ಬಿರುಕು ಬಿಡುತ್ತದೆ.

ದೂರು ಎರಡು. ಮಳೆಗಾಲದಲ್ಲಿ ಅರ್ಧ ರಾಶಿ ತೇವ. ಪುಟಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ, ಬಿಡಿಸಲು ಹೋದರೆ ಬಣ್ಣವೇ ಎದ್ದು ಬರುತ್ತದೆ. ಇನ್ನೊಂದು ರೇಟು. ಹಾಗೇ ಎತ್ತಿಕೊಂಡರೆ ಕೆಜಿ ಲೆಕ್ಕ. ನೀವು ಆರಿಸುವುದನ್ನು ಅಂಗಡಿಯಣ್ಣ ಕಂಡರೋ, "ಅಕ್ಕಾ, ಪೇಪರ್ ಬೇರೆ ರೇಟು, ಪಟ ಬೇರೆ ರೇಟು" ಅಂತ ಶುರು. ಅದಕ್ಕೇ ನಾನು ಮೇಲೂ ಕೆಳಗೂ ದಿನಪತ್ರಿಕೆ ಇಟ್ಟು, ನಡುವೆ ದೇವರನ್ನು ಸೇರಿಸಿ ಕಟ್ಟು ಕಟ್ಟಿಸುತ್ತೇನೆ.

ಹೋಗುವುದಾದರೆ ಜನವರಿಯಲ್ಲಿ ಹೋಗಿ, ಹಳೇ ವರ್ಷದ ಕ್ಯಾಲೆಂಡರೆಲ್ಲ ಆಗಲೇ ಬಂದು ಬೀಳುವುದು. ಕತ್ತರಿ ಒಯ್ಯಬೇಡಿ, ಅಲ್ಲೇ ಕತ್ತರಿಸಲು ಬಿಡುವುದಿಲ್ಲ.