ಪಿಎಚ್‌ಡಿಗೆ ಯಾವುದು: ನಿಖರ ಅಳತೆಯೋ, ವಸ್ತು ಎಂಜಿನಿಯರಿಂಗೋ?

ಎರಡೂ ಲ್ಯಾಬ್ ಕೆಲಸವೇ, ಆದರೆ ದಿನ ಕಳೆಯುವ ರೀತಿ ಬೇರೆ.

ನಿಖರ ಅಳತೆಯಲ್ಲಿ ಹೋರಾಟವೆಲ್ಲ ತಪ್ಪಿನ ಜೊತೆ. ಒಂದು ಮೀಟರ್ ಉದ್ದದ ಉಕ್ಕಿನ ಸರಳು 1 ಡಿಗ್ರಿ ಬಿಸಿಯಾದರೆ ಸುಮಾರು 12 ಮೈಕ್ರೋಮೀಟರ್ ಹಿಗ್ಗುತ್ತದೆ. ಅದರ ಸಾವಿರದಲ್ಲೊಂದು ಭಾಗವಾದ ನ್ಯಾನೋಮೀಟರ್ ಹುಡುಕುವವರಿಗೆ ಇದು ಬೆಟ್ಟವೇ ಅಲ್ವಾ? ಹಾಗಾಗಿ ಜಾಸ್ತಿ ಸಮಯ ಕೋಣೆಯ ತಾಪ, ನೆಲದ ಕಂಪನ, ಲೇಸರ್‌ನ ಸ್ಥಿರತೆ ಇವುಗಳ ಹಿಂದೆಯೇ ಹೋಗುತ್ತದೆ. ಆಪ್ಟಿಕ್ಸ್, ಎಲೆಕ್ಟ್ರಾನಿಕ್ಸ್, ಅಂಕಿಅಂಶಗಳ ಲೆಕ್ಕ ಇಷ್ಟವಿದ್ದರೆ ಇಲ್ಲಿ ಖುಷಿ ಸಿಗುತ್ತದೆ. 2019ರಿಂದ ಕಿಲೋಗ್ರಾಮ್ ಕೂಡ ಲೋಹದ ತುಂಡನ್ನು ಬಿಟ್ಟು ಪ್ಲಾಂಕ್ ಸ್ಥಿರಾಂಕ ಎಂಬ ಪ್ರಕೃತಿಯ ಬದಲಾಗದ ಸಂಖ್ಯೆಯ ಮೇಲೆ ನಿಂತಿದೆ. ನನಗಂತೂ ಅದು ಇವತ್ತಿಗೂ ಬೆರಗು.

ವಸ್ತು ಎಂಜಿನಿಯರಿಂಗ್‌ನಲ್ಲಿ ಕೈಕೆಲಸ ಜಾಸ್ತಿ. ಕರಗಿಸಬೇಕು, ಕತ್ತರಿಸಬೇಕು, ಪಾಲಿಶ್ ಮಾಡಬೇಕು, ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಸೆಕೆಂಡಿಗೆ 50 ಸಲ ಎಳೆದರೂ 1 ಕೋಟಿ ಸುತ್ತಿನ ಫೆಟೀಗ್ ಪರೀಕ್ಷೆಗೆ (ಮತ್ತೆ ಮತ್ತೆ ಎಳೆದರೆ ವಸ್ತು ಎಷ್ಟು ತಾಳುತ್ತದೆ ಎಂದು ನೋಡುವುದು) ಎರಡು ದಿನ ದಾಟುತ್ತದೆ, ಅದೂ ಒಂದೇ ಮಾದರಿಗೆ. ಕೆಲಸ ಸಿಗುವ ಉದ್ಯಮಗಳ ಹರವು ಇಲ್ಲೇ ದೊಡ್ಡದು.

ಇವೆರಡರ ನಡುವಿನ ಗೋಡೆ ಗಟ್ಟಿಯಿಲ್ಲ. ಉದ್ದ ಅಳೆಯುವ ಕೆಲಸದಲ್ಲಿದ್ದ ಭೌತವಿಜ್ಞಾನಿ ಗಿಯೋಮ್ ಬಹಳ ಕಡಿಮೆ ಹಿಗ್ಗುವ ಇನ್ವಾರ್ ಮಿಶ್ರಲೋಹ ಕಂಡುಹಿಡಿದು 1920ರ ನೊಬೆಲ್ ಪಡೆದರು.

ಸೇರುವ ಮೊದಲು ಅಲ್ಲಿನ ವಿದ್ಯಾರ್ಥಿಗಳನ್ನು ಕೇಳಿ: ವಾರಕ್ಕೆ ಎಷ್ಟು ಗಂಟೆ ಯಂತ್ರ ನಿಮ್ಮ ಕೈಗೆ ಸಿಗುತ್ತದೆ?