ಹಬ್ಬದ ಮೇಜಿಗೆ ಗ್ಲುಟೆನ್‌ರಹಿತ ಅಡುಗೆ: ಮರುದಿನದ ಪರೀಕ್ಷೆಯಲ್ಲಿ ಗೆದ್ದವು, ಸೋತವು

ಗ್ಲುಟೆನ್‌ರಹಿತ ಕೇಕು ಓವನ್‌ನಿಂದ ಹೊರಬಂದ ಹತ್ತು ನಿಮಿಷಕ್ಕೆ, ಯಾವ ಹಿಟ್ಟಿನಲ್ಲಿ ಮಾಡಿದ್ದರೂ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಆದರೆ ಹಬ್ಬದ ದಿನ ಯಾರಿಗೂ ಅದನ್ನು ಬಿಸಿಬಿಸಿ ತಿನ್ನುವ ಭಾಗ್ಯವಿರುವುದಿಲ್ಲ. ಹಿಂದಿನ ದಿನವೇ ಮಾಡಿಡಬೇಕು. ದೂರದಿಂದ ಬರುವವರಿಗಾಗಿ ಊಟ ಒಂದೆರಡು ಗಂಟೆ ಮುಂದಕ್ಕೆ ಹೋಗುತ್ತದೆ, ಸಾಸು ಸಣ್ಣ ಉರಿಯ ಮೇಲೆ ಕಾಯುತ್ತಾ ಕೂರುತ್ತದೆ, ಒಂದೇ ಪಾತ್ರೆಗೆ ಹತ್ತಾರು ಕೈಗಳು ಚಾಚುತ್ತವೆ. ನನ್ನ ಅಣ್ಣನ ಮಗಳಿಗೆ ಸೀಲಿಯಾಕ್ ಕಾಯಿಲೆ, ಅಂದರೆ ಗೋಧಿಯಂಥ ಧಾನ್ಯಗಳ ಗ್ಲುಟೆನ್ ತಿಂದರೆ ಸಣ್ಣ ಕರುಳಿಗೆ ಹಾನಿಯಾಗುವ ಕಾಯಿಲೆ, ಇದೆಯೆಂದು ಗೊತ್ತಾದಂದಿನಿಂದ, ಕುಟುಂಬ ಸೇರಿದಾಗಲೆಲ್ಲ ಅಡುಗೆಯ ಹೊಣೆ ನನ್ನದು. ಹಾಗಾಗಿ ಹಿಟ್ಟು, ಅಂಟು, ಪಿಷ್ಟ ಎಲ್ಲವನ್ನೂ ನಾನು ಅಳೆದಿರುವುದು ಒಂದೇ ಅಳತೆಗೋಲಿನಲ್ಲಿ: ಮಾಡಿ ಬಹಳ ಹೊತ್ತಾದ ಮೇಲೆ, ಎಲ್ಲರೂ ಕೂತು ತಿನ್ನುವಾಗ ಅದು ಹೇಗಿದೆ?

ಹೋಲಿಕೆಗೆ ಇಳಿಯುವ ಮುನ್ನ ಗ್ಲುಟೆನ್ ಮಾಡುವ ಕೆಲಸ ಏನೆಂದು ತಿಳಿದಿರಬೇಕು. ಗೋಧಿಯಲ್ಲಿರುವ ಗ್ಲಯಡಿನ್ ಮತ್ತು ಗ್ಲುಟೆನಿನ್ ಎಂಬ ಪ್ರೋಟೀನುಗಳು ನೀರು ಸೇರಿಸಿ ನಾದಿದಾಗ ಹೆಣೆದುಕೊಂಡು ಎಳೆದರೆ ಹಿಗ್ಗುವ ಬಲೆಯಾಗುತ್ತವೆ. ಆ ಬಲೆಯೇ ಗಾಳಿಯ ಗುಳ್ಳೆಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಿಟ್ಟು ಹರಿಯದಂತೆ ತಡೆಯುತ್ತದೆ, ಬೆಂದ ಮೇಲೆ ಪುಡಿಯಾಗದಂತೆ ಕಾಯುತ್ತದೆ. ಇಷ್ಟನ್ನೂ ಒಬ್ಬಂಟಿಯಾಗಿ ಮಾಡಬಲ್ಲ ಬೇರೊಂದು ಹಿಟ್ಟು ನನಗಂತೂ ಸಿಕ್ಕಿಲ್ಲ. ಆದ್ದರಿಂದ ಮೈದಾ ತೆಗೆದು ಅದರ ಜಾಗದಲ್ಲಿ ಅಷ್ಟೇ ಅಕ್ಕಿ ಹಿಟ್ಟು ಸುರಿದರೆ ಕೆಲಸ ಆಗುವುದಿಲ್ಲ.

ಮೊದಲ ಪೈಪೋಟಿ ಅಂಗಡಿಯ ಸಿದ್ಧ ಮಿಶ್ರಣ ಮತ್ತು ಮನೆಯಲ್ಲೇ ಬೆರೆಸಿದ ಹಿಟ್ಟಿನ ನಡುವೆ. ಸಿದ್ಧ ಮಿಶ್ರಣದ ದೊಡ್ಡ ಗುಣ ನಿಶ್ಚಿಂತೆ. ಪೊಟ್ಟಣದ ಮೇಲೆ ಗ್ಲುಟೆನ್‌ರಹಿತ ಎಂದು ಅಧಿಕೃತವಾಗಿ ಬರೆದಿದ್ದರೆ, ಕೋಡೆಕ್ಸ್ ಅಲಿಮೆಂಟೇರಿಯಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡಗಳ ಪ್ರಕಾರ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಅದರಲ್ಲಿ ಇರಬಾರದು. ಅಡುಗೆಯಲ್ಲಿ ಅಷ್ಟೇನೂ ಪಳಗದ ಬಂಧುವೊಬ್ಬರು ಏನನ್ನಾದರೂ ಮಾಡಿಕೊಂಡು ಬರುತ್ತೇನೆಂದರೆ ಅವರ ಕೈಗೆ ನಾನು ಕೊಡುವುದು ಇದನ್ನೇ. ಆದರೆ ಇಂಥ ಬಹಳಷ್ಟು ಮಿಶ್ರಣಗಳಲ್ಲಿ ಬಿಳಿ ಅಕ್ಕಿ ಹಿಟ್ಟು ಮತ್ತು ಪಿಷ್ಟದ್ದೇ ಮೇಲುಗೈ. ಮಾಡಿದ ದಿನ ಹಗುರವಾಗಿರುವ ಕೇಕು ಮರುದಿನ ಒಣಗಿ, ನಾಲಿಗೆಗೆ ಮರಳು ಮರಳಾಗುತ್ತದೆ. ಕೆಲವುಗಳಲ್ಲಿ ಗ್ಲುಟೆನ್ನಿನ ಬದಲು ಹಿಟ್ಟನ್ನು ಹಿಡಿದಿಡುವ ಅಂಟನ್ನು ಮೊದಲೇ ಬೆರೆಸಿರುತ್ತಾರೆ. ಅದು ಕೇಕಿಗೆ ಸರಿ. ಅದೇ ಪುಡಿಯಿಂದ ಸಾಸು ಗಟ್ಟಿ ಮಾಡಲು ಹೋದರೆ ಲೋಳೆಯಾಗುತ್ತದೆ.

ಇನ್ನೊಂದು ಎಚ್ಚರ. ಕೆಲವು ಮಿಶ್ರಣಗಳಲ್ಲಿ ಗ್ಲುಟೆನ್ ತೆಗೆದ ಗೋಧಿ ಪಿಷ್ಟ ಇರುತ್ತದೆ. ಮಿತಿಯೊಳಗಿದ್ದರೆ ಸೀಲಿಯಾಕ್ ಇರುವವರಿಗೆ ಅದು ಸಲ್ಲುತ್ತದೆ. ಗೋಧಿಯೇ ಅಲರ್ಜಿಯಾದವರಿಗೆ ಸಲ್ಲುವುದಿಲ್ಲ. ಇವೆರಡೂ ಬೇರೆ ಬೇರೆ ತೊಂದರೆಗಳು. ಬರುವ ಅತಿಥಿಗೆ ಇರುವುದು ಯಾವುದೆಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಮನೆಯ ಮಿಶ್ರಣಕ್ಕೆ ನಾನು ನೆಚ್ಚಿಕೊಂಡಿರುವ ಪ್ರಮಾಣ ತೂಕದ ಲೆಕ್ಕದಲ್ಲಿ ಹೀಗಿದೆ: ಬಿಳಿ ಜೋಳದ ಹಿಟ್ಟು 40 ಭಾಗ, ನುಣ್ಣನೆಯ ಅಕ್ಕಿ ಹಿಟ್ಟು 30, ಆಲೂಗಡ್ಡೆ ಪಿಷ್ಟ 20, ಮರಗೆಣಸಿನಿಂದ ತೆಗೆದ ಟಪಿಯೋಕಾ ಪಿಷ್ಟ 10. ಜೋಳ ರುಚಿಗೆ ಮೈ ಕೊಡುತ್ತದೆ, ಆಲೂಗಡ್ಡೆ ಪಿಷ್ಟ ತೇವ ಹಿಡಿಯುತ್ತದೆ, ಟಪಿಯೋಕಾ ಸ್ವಲ್ಪ ಎಳೆತ ತರುತ್ತದೆ. ಕಪ್ಪಿನಲ್ಲಿ ಅಳೆಯಲೇಬಾರದು, ಏಕೆಂದರೆ ಒಂದು ಕಪ್ಪು ಟಪಿಯೋಕಾ ಪಿಷ್ಟಕ್ಕೂ ಒಂದು ಕಪ್ಪು ಆಲೂಗಡ್ಡೆ ಪಿಷ್ಟಕ್ಕೂ ತೂಕ ಒಂದೇ ಅಲ್ಲ. ಕಲಸಿದ ಹಿಟ್ಟನ್ನು ಓವನ್‌ಗೆ ಇಡುವ ಮೊದಲು ಅರ್ಧ ಗಂಟೆ ಹಾಗೇ ಬಿಡುತ್ತೇನೆ. ಅಕ್ಕಿಯ ಕಣಗಳು ನೀರು ಕುಡಿಯಲು ನಿಧಾನ, ಆ ಅರ್ಧ ಗಂಟೆಯಲ್ಲಿ ಮರಳಿನ ಗುಣ ಬಹುಪಾಲು ಇಳಿಯುತ್ತದೆ. ಮರುದಿನದ ಪರೀಕ್ಷೆಯಲ್ಲಿ ಗೆಲ್ಲುವುದು ಈ ಮಿಶ್ರಣವೇ. ಒಂದು ಷರತ್ತು ಮಾತ್ರ ಇದೆ: ಗೋಧಿ ಬೀಸುವ ಗಿರಣಿಯಲ್ಲೇ ಬೀಸಿದ ಜೋಳದ ಅಥವಾ ಅಕ್ಕಿಯ ಹಿಟ್ಟು ಕೂಡದು. ಧಾನ್ಯ ಶುದ್ಧವಾಗಿದ್ದರೂ ಕಲ್ಲಿನಲ್ಲಿ ಉಳಿದ ಗೋಧಿ ಅದರೊಳಗೆ ಬಂದೇ ಬರುತ್ತದೆ.

ಬಾದಾಮಿ ಪುಡಿಯ ಕೇಕಿಗೆ ಮರುದಿನವೇ ಹೆಚ್ಚು ರುಚಿ. ಅದರಲ್ಲಿ ಪಿಷ್ಟ ಕಡಿಮೆ, ಕೊಬ್ಬು ಹೆಚ್ಚು. ಪಿಷ್ಟದಿಂದಾಗುವ ಗಡಸುತನದ ಕಾಟ ಅದಕ್ಕೆ ಹೆಚ್ಚಾಗಿ ಇಲ್ಲ. ಮೊಟ್ಟೆಯಿದ್ದರೆ ಬೇರೆ ಅಂಟೂ ಬೇಡ. ಮೇಲ್ಭಾಗ ಬೇಗ ಕಂದು ಬಣ್ಣಕ್ಕೆ ತಿರುಗುವುದರಿಂದ ಓವನ್‌ನ ಉಷ್ಣತೆಯನ್ನು 15 ಡಿಗ್ರಿಯಷ್ಟು ಇಳಿಸುತ್ತೇನೆ. ಕೂಟದ ಅಡುಗೆಯಲ್ಲಿ ಇದಕ್ಕಿರುವ ತೊಡಕು ಒಂದೇ, ಆದರೆ ದೊಡ್ಡದು: ಒಬ್ಬರ ಗ್ಲುಟೆನ್ ತೊಂದರೆಯನ್ನು ತಪ್ಪಿಸಲು ಹೋಗಿ ಇನ್ನೊಬ್ಬರ ಬಾದಾಮಿ ಅಲರ್ಜಿಯನ್ನು ಮೇಜಿನ ಮೇಲೆ ತಂದಿಟ್ಟ ಹಾಗಾಗಬಾರದು. ಬಕ್‌ವೀಟ್ ಎಂಬ ಕಾಳು ಗೋಧಿಯ ಜಾತಿಗೆ ಸೇರಿದ್ದಲ್ಲ, ಗ್ಲುಟೆನ್ ಇಲ್ಲ. ಆದರೆ ಅದರ ಕಟುವಾದ ರುಚಿ ಚಾಕೊಲೇಟಿನ ಜೊತೆ ಹೊಂದುವಷ್ಟು ಬೇರೆ ಯಾವುದರ ಜೊತೆಗೂ ಹೊಂದುವುದಿಲ್ಲ. ಕಡಲೆ ಹಿಟ್ಟು ಖಾರದ ತಿಂಡಿಗೆ ಸೊಗಸು, ಸಿಹಿಯಲ್ಲಿ ಹಸಿ ವಾಸನೆ ಎದ್ದು ಕಾಣುತ್ತದೆ.

ಇಲ್ಲಿ ಫ್ರಿಜ್ಜಿನ ವಿಷಯ ಹೇಳಲೇಬೇಕು, ಏಕೆಂದರೆ ಹಬ್ಬದ ಹಿಂದಿನ ರಾತ್ರಿ ಎಲ್ಲರ ಕೈಯೂ ಅಲ್ಲಿಗೇ ಹೋಗುತ್ತದೆ. ಬೆಂದು ಉಬ್ಬಿದ ಪಿಷ್ಟ ತಣ್ಣಗಾದಂತೆ ಮತ್ತೆ ಗಟ್ಟಿಯಾಗಿ ಹರಳುಗಟ್ಟತೊಡಗುತ್ತದೆ. ಈ ಕ್ರಿಯೆ ಅತ್ಯಂತ ಬಿರುಸಾಗಿ ನಡೆಯುವುದು ಫ್ರಿಜ್ಜಿನೊಳಗಿನ 4 ಡಿಗ್ರಿಯ ಆಸುಪಾಸಿನಲ್ಲೇ. ಪಿಷ್ಟವೇ ಪ್ರಧಾನವಾದ ಗ್ಲುಟೆನ್‌ರಹಿತ ಬ್ರೆಡ್ಡನ್ನು ಅಲ್ಲಿಟ್ಟರೆ ಬೆಳಗಾಗುವಷ್ಟರಲ್ಲಿ ಇಟ್ಟಿಗೆಯಾಗಿರುತ್ತದೆ. ಪೂರ್ತಿ ತಣಿದ ಮೇಲೆ ಹೋಳು ಮಾಡಿ, ಗಾಳಿಯಾಡದಂತೆ ಸುತ್ತಿ ಫ್ರೀಜರ್‌ನಲ್ಲಿಟ್ಟು, ಬಡಿಸುವ ಮುನ್ನ ನೇರವಾಗಿ ಬಿಸಿ ಮಾಡುವುದು ಎಷ್ಟೋ ಮೇಲು.

ಅಂಟಿನ ವಿಷಯಕ್ಕೆ ಬರೋಣ. ಕ್ಸಾಂಥನ್ ಗಮ್ ಒಂದು ಕಡೆ, ಇಸಬಗೋಲಿನ ಹೊಟ್ಟು ಇನ್ನೊಂದು ಕಡೆ. ಕ್ಸಾಂಥನ್ ಗಮ್ ಅನ್ನು ಕ್ಸಾಂಥೋಮೋನಾಸ್ ಕ್ಯಾಂಪೆಸ್ಟ್ರಿಸ್ ಎಂಬ ಬ್ಯಾಕ್ಟೀರಿಯಾದಿಂದ ಸಕ್ಕರೆ ಹುದುಗಿಸಿ ತಯಾರಿಸುತ್ತಾರೆ. ಅದರ ಶಕ್ತಿ ಎಷ್ಟೆಂದರೆ ಒಂದು ಕಪ್ಪು ಹಿಟ್ಟಿನ ಬಿಸ್ಕತ್ತಿಗೆ ಕಾಲು ಟೀ ಚಮಚ, ಕೇಕಿಗೆ ಅರ್ಧ ಚಮಚ ಸಾಕು. ಇಷ್ಟರಲ್ಲಿ ಇಟ್ಟರೆ ಕೇಕು ಕತ್ತರಿಸುವಾಗ ಉದುರುವುದಿಲ್ಲ, ಅಂಟಿನ ಇರವೂ ಬಾಯಿಗೆ ತಿಳಿಯುವುದಿಲ್ಲ. ತುಸು ಹೆಚ್ಚಾದರೆ ರಬ್ಬರಿನಂತಾಗುತ್ತದೆ, ಕೆಲವರ ಹೊಟ್ಟೆಯೂ ಉಬ್ಬರಿಸುತ್ತದೆ. ಬ್ರೆಡ್ಡಿನಲ್ಲಿ ಮಾತ್ರ ಕ್ಸಾಂಥನ್ ನನಗೆ ತೃಪ್ತಿ ಕೊಟ್ಟಿಲ್ಲ. ಹಿಟ್ಟು ಸುರಿಯುವಷ್ಟು ತೆಳುವಾಗಿಯೇ ಉಳಿಯುತ್ತದೆ, ಕೈಯಲ್ಲಿ ಹಿಡಿದು ಆಕಾರ ಕೊಡಲು ಬರುವುದಿಲ್ಲ.

ಅಲ್ಲಿ ಇಸಬಗೋಲು ಬೇರೆಯೇ ಲೋಕ ತೆರೆಯುತ್ತದೆ. ಹೊಟ್ಟನ್ನು ನೀರಿನಲ್ಲಿ ಕಲಸಿ ಹತ್ತು ನಿಮಿಷ ಬಿಟ್ಟರೆ ಗಟ್ಟಿ ಲೋಳೆಯಾಗುತ್ತದೆ. ಅದನ್ನು ಹಿಟ್ಟಿಗೆ ಸೇರಿಸಿದರೆ ನಾದಬಹುದು, ಲಟ್ಟಿಸಬಹುದು, ಮಡಚಬಹುದು, ಜಡೆಯಂತೆ ಹೆಣೆಯಲೂಬಹುದು. ಗ್ಲುಟೆನ್ ಬಿಟ್ಟವರು ಬಹುಕಾಲದಿಂದ ಮರೆತಿರುವ ಆ ಎಳೆತ ಬಾಯಿಗೆ ಮರಳಿ ಸಿಗುತ್ತದೆ. ಅಣ್ಣನ ಮಗಳು ಇಂಥ ಬ್ರೆಡ್ಡನ್ನು ಕೈಯಿಂದ ಹರಿದು ತಿಂದದ್ದನ್ನು ನೋಡಿದ ಮೇಲೆ ಬ್ರೆಡ್ಡಿಗೆ ಬೇರೆ ಅಂಟು ಹುಡುಕುವ ಆಸೆಯೇ ನನಗೆ ಉಳಿದಿಲ್ಲ. ತೊಂದರೆಗಳೂ ಇವೆ. ನೀರು ಬಹಳ ಹೀರುವುದರಿಂದ ಬೇಯಲು ಸಮಯ ಹಿಡಿಯುತ್ತದೆ. ನಡುಭಾಗದ ಉಷ್ಣತೆ 96ರಿಂದ 98 ಡಿಗ್ರಿ ಮುಟ್ಟುವವರೆಗೆ ಹೊರತೆಗೆಯುವುದಿಲ್ಲ. ಬಿಸಿಯಿರುವಾಗಲೇ ಕತ್ತರಿಸಿದರೆ ಒಳಗೆ ಅಂಟಂಟು. ಕೆಲವು ತಯಾರಿಕೆಗಳ ಪುಡಿ ಬ್ರೆಡ್ಡಿಗೆ ನೇರಳೆ ಛಾಯೆ ತರುತ್ತದೆ. ಅದರಿಂದ ಅಪಾಯವಿಲ್ಲ, ಆದರೆ ಹಬ್ಬದ ಮೇಜಿನಲ್ಲಿ ನೋಡಿದವರು ಹುಬ್ಬೇರಿಸುತ್ತಾರೆ.

ಸಾಸನ್ನು ಗಟ್ಟಿ ಮಾಡುವ ವಿಷಯ ಚಿಕ್ಕದೆಂದು ಬಿಡುತ್ತಾರೆ, ಆದರೆ ಹಬ್ಬದೂಟದಲ್ಲಿ ಮೈದಾ ಕಣ್ತಪ್ಪಿಸಿ ನುಸುಳುವ ಜಾಗಗಳಲ್ಲಿ ಇದೂ ಒಂದು. ಮೆಕ್ಕೆಜೋಳದ ಪಿಷ್ಟ ಎಲ್ಲರಿಗೂ ಪರಿಚಿತ, ಮೈದಾದ ಅರ್ಧದಷ್ಟೇ ಸಾಕು. ಕೂಡಲೇ ಬಡಿಸುವುದಾದರೆ ಅದಕ್ಕಿಂತ ಸುಲಭವಾದದ್ದಿಲ್ಲ. ಆದರೆ ಗಂಟೆಗಟ್ಟಲೆ ಉರಿಯ ಮೇಲಿಟ್ಟು ಕೈಯಾಡಿಸುತ್ತಿದ್ದರೆ ತೆಳುವಾಗುತ್ತದೆ, ಹುಳಿ ಹೆಚ್ಚಿದ್ದರೆ ಇನ್ನೂ ಬೇಗ. ಆಲೂಗಡ್ಡೆ ಪಿಷ್ಟ ಕಡಿಮೆ ಬಿಸಿಗೇ ಗಟ್ಟಿಯಾಗುತ್ತದೆ, ಕುದಿಸಿದರೆ ಸಡಿಲವಾಗುತ್ತದೆ. ಟಪಿಯೋಕಾ ಹೊಳಪು ಕೊಡುತ್ತದೆ, ಹಣ್ಣಿನ ಸಾಸಿಗೆ ಒಪ್ಪುತ್ತದೆ, ಸಾರದ ಸಾಸಿನಲ್ಲಿ ಎಳೆ ಎಳೆಯಾಗಿ ಕಾಣುತ್ತದೆ. ಇವುಗಳ ನಡುವೆ ಸದ್ದಿಲ್ಲದೆ ಗೆಲ್ಲುವುದು ಸಾದಾ ಅಕ್ಕಿ ಹಿಟ್ಟು. ಹೊಳಪಿಲ್ಲ, ಆದರೆ ಮೈದಾ ಹಾಕಿದ ಸಾಸಿನ ಹಾಗೆಯೇ ಮಂದವಾಗಿ, ಕೆನೆಯಾಗಿ ನಿಲ್ಲುತ್ತದೆ, ಊಟ ತಡವಾದರೂ ಹಿಡಿತ ಬಿಡುವುದಿಲ್ಲ. ಮುಂಚೆಯೇ ಮಾಡಿ ಫ್ರೀಜರ್‌ನಲ್ಲಿಡುವುದಿದ್ದರೆ ಜಿಗುಟು ಅಕ್ಕಿಯ ಹಿಟ್ಟು ಇನ್ನೂ ಉತ್ತಮ: ಕರಗಿಸಿ ಬಿಸಿ ಮಾಡಿದಾಗ ನೀರು ಬೇರ್ಪಡುವುದಿಲ್ಲ.

ಕೊನೆಯ ಹೋಲಿಕೆ ಹಿಟ್ಟುಗಳದ್ದಲ್ಲ, ಮೇಜಿನದ್ದು. ಗ್ಲುಟೆನ್ ಒಗ್ಗದವರಿಗೆ ಪ್ರತ್ಯೇಕವಾಗಿ ಮಾಡಿಡುವುದೋ, ಇಡೀ ಊಟವನ್ನೇ ಗ್ಲುಟೆನ್‌ರಹಿತ ಮಾಡುವುದೋ? ಎರಡನ್ನೂ ಮಾಡಿ ನೋಡಿದ್ದೇನೆ, ನನ್ನ ಮನಸ್ಸು ಯಾವ ಕಡೆಗಿದೆ ಎಂಬುದರಲ್ಲಿ ಸಂದೇಹವಿಲ್ಲ.

ಪ್ರತ್ಯೇಕ ಅಡುಗೆ ಕಡಿಮೆ ಕೆಲಸದಂತೆ ಕಾಣುತ್ತದೆ. ಅದನ್ನು ಸರಿಯಾಗಿ ಮಾಡಲು ಏನೇನು ಬೇಕೆಂದು ನೋಡಿ. ಮೈದಾದ ಡಬ್ಬಿ ತೆರೆಯುವ ಮೊದಲೇ ಗ್ಲುಟೆನ್‌ರಹಿತ ಅಡುಗೆ ಮುಗಿದು ಮುಚ್ಚಿರಬೇಕು, ಏಕೆಂದರೆ ಹಿಟ್ಟಿನ ಧೂಳು ಗಾಳಿಯಲ್ಲಿ ತೇಲಿ ಎಲ್ಲೆಂದರಲ್ಲಿ ಕೂರುತ್ತದೆ. ಜರಡಿ, ಮರದ ಸೌಟು, ಮರದ ಹಲಗೆ, ಟೋಸ್ಟರ್ ಎಲ್ಲವೂ ಬೇರೆ. ಗೋಧಿಯ ತಿಂಡಿ ಕರಿದ ಎಣ್ಣೆಯಲ್ಲಿ ಇನ್ನೇನನ್ನೂ ಕರಿಯುವಂತಿಲ್ಲ, ಕಾಯಿಸಿದರೆ ಗ್ಲುಟೆನ್ ನಾಶವಾಗುವುದಿಲ್ಲ. ಇಷ್ಟೆಲ್ಲ ಕಾದುಕೊಂಡ ಮೇಲೂ ಮೇಜಿನ ಮೇಲೆ ಒಂದು ಮಗು ಬ್ರೆಡ್ಡಿನ ಚೂರನ್ನು ಸಾಸಿಗೆ ಅದ್ದಿದರೆ, ಒಬ್ಬರು ಒಂದು ಪಾತ್ರೆಯ ಚಮಚವನ್ನು ಇನ್ನೊಂದರಲ್ಲಿ ಇಟ್ಟರೆ ಶ್ರಮವೆಲ್ಲ ನೀರುಪಾಲು. ಹಬ್ಬದ ದಿನ ಒಬ್ಬಳೇ ತನ್ನ ಮುಚ್ಚಿದ ಡಬ್ಬಿಯನ್ನು ಮುಂದಿಟ್ಟುಕೊಂಡು ಕೂರುವುದರಲ್ಲಿ ಎಂಥ ಸುಖವಿದೆ?

ಹಿರಿಯರೊಬ್ಬರಾದರೂ ಪ್ರತಿ ಕೂಟದಲ್ಲೂ ಕೇಳುತ್ತಾರೆ: ಚೂರು ತಿಂದರೆ ಏನಾಗುತ್ತದೆ, ಇದೆಲ್ಲ ಈಗಿನ ಕಾಲದ ಗೀಳಲ್ಲವೇ? ಅಲ್ಲ. ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಂ ಡಿಕ್ಕೆ ಈ ಕಾಯಿಲೆಗೂ ಗೋಧಿಗೂ ಇರುವ ನಂಟನ್ನು ತಮ್ಮ ಪ್ರೌಢಪ್ರಬಂಧದಲ್ಲಿ ತೋರಿಸಿದ್ದು 1950ರಲ್ಲಿ. ಸೀಲಿಯಾಕ್ ಇರುವವರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರದ ಮೇಲೆ ತಿರುಗಿಬೀಳುತ್ತದೆ. ತಿಂದ ಕೂಡಲೇ ಏನೂ ಕಾಣದಿದ್ದರೂ ಒಳಗೆ ಹಾನಿ ನಡೆದಿರಬಹುದು. ನಾನು ಇದನ್ನು ಶಾಂತವಾಗಿ, ಪ್ರತಿ ಸಲವೂ ಹೇಳುತ್ತೇನೆ. ಮಗು ತನ್ನ ಪರವಾಗಿ ತಾನೇ ವಾದಿಸುವ ಪರಿಸ್ಥಿತಿ ಬರಬಾರದು.

ಇಡೀ ಮೇಜನ್ನು ಗ್ಲುಟೆನ್‌ರಹಿತ ಮಾಡುವುದು ಕೇಳಲು ಕಷ್ಟ, ಮಾಡಲು ಸುಲಭ. ಹುಟ್ಟಿನಿಂದಲೇ ಗೋಧಿ ಬೇಡದ ಅಡುಗೆಗಳು ಎಷ್ಟಿಲ್ಲ: ಅನ್ನ, ಹುರಿದ ತರಕಾರಿ, ಆಲೂಗಡ್ಡೆ, ಬೇಳೆಕಾಳು, ಮೊಟ್ಟೆ, ಮಾಂಸ, ಹಣ್ಣು, ಹಾಲಿನ ಕಸ್ಟರ್ಡ್, ಹಿಟ್ಟೇ ಇಲ್ಲದ ಚಾಕೊಲೇಟ್ ಕೇಕು. ಊಟದ ಬಹುಪಾಲನ್ನು ಇವುಗಳಿಂದಲೇ ತುಂಬಿ, ಬದಲಿ ಹಿಟ್ಟಿನ ಪದಾರ್ಥ ಒಂದೋ ಎರಡೋ ಇಡುತ್ತೇನೆ, ಅವಕ್ಕೇ ಪೂರ್ತಿ ಶ್ರಮ ಹಾಕುತ್ತೇನೆ. ಏನೋ ತೆಗೆದುಹಾಕಿದ್ದಾರೆ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ಗೋಧಿ ಬ್ರೆಡ್ಡು ಇಲ್ಲದೆ ಆಗುವುದೇ ಇಲ್ಲ ಎನ್ನುವವರಿದ್ದರೆ ಅದು ಬೇರೊಂದು ಮೇಜಿನ ಮೇಲೆ, ತನ್ನದೇ ಚಾಕು ಮತ್ತು ತಟ್ಟೆಯೊಂದಿಗೆ, ಊಟದ ಮೇಜಿನಿಂದ ದೂರ ಇರುತ್ತದೆ.

ಈ ಮೇಜನ್ನೂ ಕೆಡಿಸಬಲ್ಲವು ಕೆಲವಿವೆ. ಸೋಯಾ ಸಾಸನ್ನು ಹೆಚ್ಚಾಗಿ ಗೋಧಿ ಸೇರಿಸಿಯೇ ಮಾಡುತ್ತಾರೆ. ಮಾಲ್ಟ್ ಎಂದರೆ ಸಾಮಾನ್ಯವಾಗಿ ಬಾರ್ಲಿ, ಅದರಲ್ಲೂ ಗ್ಲುಟೆನ್ ಇದೆ. ಸೂಪಿನ ಗಟ್ಟಿಗಳಲ್ಲಿ, ಸಾಸೇಜ್‌ಗಳಲ್ಲಿ, ಕೆಲವು ಬೇಕಿಂಗ್ ಪೌಡರ್‌ಗಳಲ್ಲೂ ಗೋಧಿ ಇರಬಹುದು. ಓಟ್ಸ್ ತಾನಾಗಿ ಗೋಧಿಯ ಗುಂಪಿಗೆ ಸೇರದಿದ್ದರೂ ಹೊಲದಿಂದ ಗಿರಣಿಯವರೆಗೆ ಗೋಧಿ, ಬಾರ್ಲಿಗಳ ಜೊತೆ ಬೆರೆಯುತ್ತದೆ, ಗ್ಲುಟೆನ್‌ರಹಿತವೆಂದು ಗುರುತಿಸಿದ್ದನ್ನೇ ಕೊಳ್ಳಬೇಕು. ಆಗಲೂ ಸೀಲಿಯಾಕ್ ಇರುವ ಕೆಲವರಿಗೆ ಅದು ಒಗ್ಗುವುದಿಲ್ಲ. ಅದಕ್ಕೇ ಏನಾದರೂ ತರುತ್ತೇವೆ ಎನ್ನುವ ಬಂಧುಗಳಿಗೆ ಇಡೀ ಹಣ್ಣು ತನ್ನಿ, ಇಲ್ಲವೇ ಪಾನೀಯ ತನ್ನಿ ಎನ್ನುತ್ತೇನೆ. ಅಡುಗೆಗೆ ಬಳಸಿದ ಪೊಟ್ಟಣ, ಬಾಟಲಿಗಳನ್ನೆಲ್ಲ ಕೊನೆಯ ಅತಿಥಿ ಹೊರಡುವವರೆಗೂ ಎಸೆಯದೆ ಅಡುಗೆಮನೆಯ ಒಂದು ಬುಟ್ಟಿಯಲ್ಲಿ ಇಟ್ಟಿರುತ್ತೇನೆ. ಈಗ ಅಣ್ಣನ ಮಗಳು ಬಂದ ಕೂಡಲೇ ಆ ಬುಟ್ಟಿಯ ಹತ್ತಿರ ಹೋಗಿ ಒಂದೊಂದನ್ನೇ ತಾನೇ ಓದಿ ನೋಡುತ್ತಾಳೆ, ಸಂದೇಹವಿದ್ದರೆ ಕೇಳುತ್ತಾಳೆ, ಆಮೇಲೆ ತಟ್ಟೆ ಹಿಡಿದು ಉಳಿದ ಮಕ್ಕಳ ಜೊತೆ ಸಾಲಿಗೆ ಸೇರುತ್ತಾಳೆ.