ಜಿಪಿಎನ್-30 ವಾಯುನೆಲೆ ರಾಡಾರ್: ಶಾಂತಿಕಾಲಕ್ಕೆ ಪೂರ್ತಿ ಅಂಕ, ಯುದ್ಧಕಾಲಕ್ಕೆ?

ಅಮೆರಿಕದ ರೇಥಿಯಾನ್ ಕಂಪನಿ ತಯಾರಿಸಿದ ಎಎನ್/ಜಿಪಿಎನ್-30 ರಾಡಾರನ್ನು ಅಲ್ಲಿನ ಸೇನಾ ವಾಯುನೆಲೆಗಳಲ್ಲಿ ಡಿಎಎಸ್‌ಆರ್ (ಡಿಜಿಟಲ್ ಏರ್‌ಪೋರ್ಟ್ ಸರ್ವೇಲೆನ್ಸ್ ರಾಡಾರ್) ಎಂದು ಕರೆಯುತ್ತಾರೆ. ಇದೇ ಯಂತ್ರ ನಾಗರಿಕ ವಿಮಾನ ನಿಲ್ದಾಣಗಳಲ್ಲಿ ಎಎಸ್‌ಆರ್-11 ಎಂಬ ಹೆಸರಿನಲ್ಲಿ ತಿರುಗುತ್ತಿದೆ. ಅಂಗಡಿಯಲ್ಲಿ ಕೈಗೆತ್ತಿಕೊಂಡು ನೋಡುವ ಸರಕು ಇದಲ್ಲವಾದ್ದರಿಂದ, ಬಹಿರಂಗವಾಗಿ ಸಿಗುವ ತಾಂತ್ರಿಕ ವಿವರಗಳನ್ನೂ ಹಿಂದಿನ ಯುದ್ಧಗಳ ದಾಖಲೆಗಳನ್ನೂ ಮುಂದಿಟ್ಟುಕೊಂಡು ಈ ವಿಮರ್ಶೆ ಬರೆಯುತ್ತಿದ್ದೇನೆ. ವಿಮಾನಗಳನ್ನು ಸುರಕ್ಷಿತವಾಗಿ ಇಳಿಸಿಕೊಳ್ಳಲು ಇದು ಎಷ್ಟು ಚೆನ್ನಾಗಿದೆ ಎಂಬುದರ ಬಗ್ಗೆ ಹೆಚ್ಚು ತಕರಾರಿಲ್ಲ. ಯಾರೋ ಇದನ್ನು ಒಡೆಯಲೆಂದೇ ಬಂದ ದಿನ ಇದರ ಗತಿಯೇನು ಎಂಬ ಪ್ರಶ್ನೆಗೆ ಮಾತ್ರ ಸಮಾಧಾನದ ಉತ್ತರ ಸಿಗುವುದಿಲ್ಲ.

ಮೊದಲು ಒಳ್ಳೆಯ ಅಂಶಗಳನ್ನು ಹೇಳಿಬಿಡುತ್ತೇನೆ. ಇದು 2.7ರಿಂದ 2.9 ಗಿಗಾಹರ್ಟ್ಸ್ ನಡುವಿನ ಎಸ್-ಬ್ಯಾಂಡಿನಲ್ಲಿ ಕೆಲಸ ಮಾಡುತ್ತದೆ. ಹಿಂದಿನ ತಲೆಮಾರಿನ ಕೆಲವು ರಾಡಾರ್‌ಗಳು ಕ್ಲೈಸ್ಟ್ರಾನ್ ಎಂಬ ನಿರ್ವಾತ ಕೊಳವೆಯಿಂದ ಒಂದು ಮೆಗಾವಾಟ್ ಮೀರಿದ ಶಕ್ತಿಯ ಪಲ್ಸ್ (ರೇಡಿಯೋ ಅಲೆಯ ಕ್ಷಣಿಕ ತುಣುಕು) ಎಸೆಯುತ್ತಿದ್ದವು. ಇಲ್ಲಿ ಕೊಳವೆಯೇ ಇಲ್ಲ. ಟ್ರಾನ್ಸಿಸ್ಟರ್ ಮಾಡ್ಯೂಲುಗಳು ಸೇರಿ ಸುಮಾರು 25 ಕಿಲೋವಾಟ್ ಕೊಡುತ್ತವೆ, ಒಂದು ಮಾಡ್ಯೂಲ್ ಕೆಟ್ಟರೂ ಕೆಲಸ ನಿಲ್ಲುವುದಿಲ್ಲ. ಶಕ್ತಿಯ ಕೊರತೆಯನ್ನು ಉದ್ದನೆಯ ಪಲ್ಸ್ ತುಂಬಿಕೊಡುತ್ತದೆ: ದೂರದ ವಿಮಾನಗಳಿಗೆ 80 ಮೈಕ್ರೋಸೆಕೆಂಡಿನ ಪಲ್ಸ್, ಹತ್ತಿರದವುಗಳಿಗೆ ಒಂದು ಮೈಕ್ರೋಸೆಕೆಂಡಿನದು. ವಿಮಾನಕ್ಕೆ ತಗುಲಿ ಮರಳುವ ಪ್ರತಿಧ್ವನಿಯನ್ನು ಹಿಡಿಯುವ ಪ್ರೈಮರಿ ರಾಡಾರ್ 60 ನಾಟಿಕಲ್ ಮೈಲಿಯವರೆಗೆ (ಒಂದು ನಾಟಿಕಲ್ ಮೈಲಿ ಎಂದರೆ 1.85 ಕಿ.ಮೀ.; ಮುಂದೆ ಬರುವ ಮೈಲಿಗಳೆಲ್ಲ ಇವೇ) ನೋಡುತ್ತದೆ. ಅದೇ ಆಂಟೆನಾದ ನೆತ್ತಿಯ ಮೇಲೆ ಕೂತಿರುವ ಸೆಕೆಂಡರಿ ರಾಡಾರ್ ವಿಮಾನದ ಟ್ರಾನ್ಸ್‌ಪಾಂಡರನ್ನು (ರೇಡಿಯೋ ಪ್ರಶ್ನೆಗೆ ತಾನಾಗಿಯೇ ಉತ್ತರಿಸುವ ಉಪಕರಣ) ಪ್ರಶ್ನಿಸಿ 120 ನಾಟಿಕಲ್ ಮೈಲಿಯವರೆಗೆ ಉತ್ತರ ಪಡೆಯುತ್ತದೆ.

ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ಮುಂದಿನ ಪರದೆಯಲ್ಲಿ ಇದರ ಫಲ ಕಾಣುತ್ತದೆ. ಆಂಟೆನಾ ಸುಮಾರು 4.8 ಸೆಕೆಂಡಿಗೊಮ್ಮೆ ಒಂದು ಸುತ್ತು ಮುಗಿಸುತ್ತದೆ; ಪ್ರತಿ ಸುತ್ತಿಗೂ ವಿಮಾನದ ಗುರುತು ಒಂದಿಷ್ಟು ಮುಂದೆ ಸರಿಯುತ್ತದೆ, ಪಕ್ಕದ ಪುಟ್ಟ ಚೀಟಿಯಲ್ಲಿ ಅದರ ಕಾಲ್‌ಸೈನ್ (ರೇಡಿಯೋದಲ್ಲಿ ಕರೆಯುವ ಹೆಸರು), ನೂರು ಅಡಿಗಳ ಲೆಕ್ಕದಲ್ಲಿ ಎತ್ತರ ಮತ್ತು ವೇಗ ಬದಲಾಗುತ್ತವೆ. ಈ ನಿಖರತೆಯಿಂದಾಗಿ ರಾಡಾರಿನಿಂದ 40 ಮೈಲಿಯೊಳಗೆ ಎರಡು ವಿಮಾನಗಳ ನಡುವೆ ಮೂರೇ ಮೈಲಿ ಅಂತರವಿಟ್ಟು ಸಾಲುಗಟ್ಟಿ ಇಳಿಸಬಹುದು. 250 ನಾಟ್ (ಗಂಟೆಗೆ 250 ನಾಟಿಕಲ್ ಮೈಲಿ) ವೇಗದಲ್ಲಿ ಈ ಮೂರು ಮೈಲಿ ಎಂದರೆ 43 ಸೆಕೆಂಡು. ರಾಡಾರ್ ಇಲ್ಲದೆ ಪೈಲಟ್ ರೇಡಿಯೋದಲ್ಲಿ ತಿಳಿಸುವ ಸ್ಥಾನವನ್ನೇ ನಂಬಿ ನಿಯಂತ್ರಿಸುವಾಗ ಒಂದೇ ದಾರಿಯಲ್ಲಿ, ಒಂದೇ ಎತ್ತರದಲ್ಲಿ ಬರುವ ವಿಮಾನಗಳ ನಡುವೆ ಸಾಮಾನ್ಯವಾಗಿ ಹತ್ತು ನಿಮಿಷ ಬಿಡಬೇಕು. ಮೋಡ ಕವಿದ ಸಂಜೆ, ಇಂಧನದ ಮುಳ್ಳು ಕೆಳಗಿಳಿಯುತ್ತಿರುವ ಎಂಟು ಯುದ್ಧವಿಮಾನಗಳು ಒಟ್ಟಿಗೆ ಮರಳುತ್ತಿವೆ ಎಂದುಕೊಳ್ಳಿ. ಆಗ 43 ಸೆಕೆಂಡಿಗೂ ಹತ್ತು ನಿಮಿಷಕ್ಕೂ ಇರುವ ಅಂತರದಲ್ಲೇ ಈ ಯಂತ್ರದ ಬೆಲೆ ಇದೆ.

ಈ ಗುಣಗಳೇ ಯುದ್ಧದಲ್ಲಿ ತಿರುಗಿ ಬೀಳುತ್ತವೆ. ರಾಡಾರ್ ಪ್ರತಿಧ್ವನಿ ಹೋಗಿ ಬರುವಷ್ಟರಲ್ಲಿ ದೂರದ ನಾಲ್ಕನೆಯ ಘಾತದಷ್ಟು ಕ್ಷೀಣಿಸುತ್ತದೆ. ಕದ್ದು ಕೇಳುವವನಿಗೆ ಅಲೆ ಒಂದೇ ದಿಕ್ಕಿನಲ್ಲಿ ತಲುಪುವುದರಿಂದ ಅದು ದೂರದ ವರ್ಗದಷ್ಟು ಮಾತ್ರ ಕುಗ್ಗುತ್ತದೆ. ಹೀಗಾಗಿ ಈ ರಾಡಾರ್ ಶತ್ರುವನ್ನು ಕಾಣುವುದಕ್ಕೆ ಬಹಳ ಮೊದಲೇ ಎತ್ತರದಲ್ಲಿರುವ ಶತ್ರು ಇದನ್ನು ಕೇಳಿಸಿಕೊಂಡಿರುತ್ತಾನೆ. ತಗ್ಗಿನಲ್ಲಿ ಬರುವವನನ್ನು ಭೂಮಿಯ ಬಾಗು ಮರೆಮಾಡುತ್ತದೆ: 20 ಮೀಟರ್ ಎತ್ತರದ ಆಂಟೆನಾಗೆ 60 ಮೀಟರ್ ಎತ್ತರದಲ್ಲಿ ಹಾರುವ ವಿಮಾನ ಕಾಣುವುದು ಸುಮಾರು 50 ಕಿ.ಮೀ. ಒಳಗೆ ಬಂದ ಮೇಲೆಯೇ. ಇನ್ನು ಶತ್ರು ವಿಮಾನ ಟ್ರಾನ್ಸ್‌ಪಾಂಡರಿಗೆ ಉತ್ತರಿಸುವುದಿಲ್ಲವಾದ್ದರಿಂದ ಸೆಕೆಂಡರಿ ರಾಡಾರಿನ 120 ಮೈಲಿ ಆ ದಿನ ಕಾಗದದ ಮೇಲಿನ ಅಂಕಿ.

ಹಾಗಾದರೆ ದಾಳಿಯ ಸುಳಿವು ಸಿಕ್ಕಾಗ ಆರಿಸಿಬಿಟ್ಟರಾಯಿತಲ್ಲ ಎಂದು ಕೇಳಬಹುದು. ಅದಕ್ಕೆ 1982ರ ಫಾಕ್‌ಲ್ಯಾಂಡ್ಸ್ ಯುದ್ಧದ ಉದಾಹರಣೆ ನೋಡಬೇಕು. ಆ ದ್ವೀಪಗಳ ರಾಜಧಾನಿ ಸ್ಟ್ಯಾನ್ಲಿಯಲ್ಲಿ ಅರ್ಜೆಂಟೀನಾ ಇಟ್ಟಿದ್ದ ಟಿಪಿಎಸ್-43 ವಾಯುರಕ್ಷಣಾ ರಾಡಾರನ್ನು ಒಡೆಯಲು ಬ್ರಿಟನ್ ಅಸೆನ್ಷನ್ ದ್ವೀಪದಿಂದ ಆರು ಸಾವಿರ ಕಿ.ಮೀ.ಗೂ ಹೆಚ್ಚು ದೂರಕ್ಕೆ ವಲ್ಕನ್ ಬಾಂಬರ್ ಕಳಿಸಿತು. ಮೇ 31ರಂದು ಹಾರಿಸಿದ, ರಾಡಾರಿನ ಅಲೆಯನ್ನೇ ಹಿಡಿದು ಸಾಗುವ ಶ್ರೈಕ್ ಕ್ಷಿಪಣಿಗಳಿಂದ ರಾಡಾರಿಗೆ ಅಲ್ಪ ಹಾನಿಯಷ್ಟೇ ಆಗಿ, ಅದು ಬೇಗನೆ ಮತ್ತೆ ಕೆಲಸಕ್ಕೆ ನಿಂತಿತು. ಜೂನ್ 3ರಂದು ಮತ್ತೆ ಬಂದ ವಲ್ಕನ್ ರಾಡಾರ್ ಚಾಲೂ ಆಗಲೆಂದು ಮೇಲೆ ಸುತ್ತುತ್ತಾ ಕಾದರೂ ಕೆಳಗಿನವರು ಅದನ್ನು ಆರಿಸಿಟ್ಟಿದ್ದರು; ಕೊನೆಗೆ ಕ್ಷಿಪಣಿಗಳು ಸಿಕ್ಕಿಕೊಂಡದ್ದು ವಿಮಾನನಾಶಕ ಫಿರಂಗಿಗಳಿಗೆ ಗುರಿ ತೋರಿಸುವ ಒಂದು ಸ್ಕೈಗಾರ್ಡ್ ರಾಡಾರಿಗೆ. ಮರಳುವಾಗ ಇಂಧನ ತುಂಬಿಸಿಕೊಳ್ಳುವ ಕೊಳವೆ ಮುರಿದು ವಲ್ಕನ್ ರಿಯೊ ಡಿ ಜನೈರೊದಲ್ಲಿ ಇಳಿಯಬೇಕಾಯಿತು. ದೊಡ್ಡ ರಾಡಾರ್ ಯುದ್ಧ ಮುಗಿಯುವವರೆಗೂ ಉಳಿಯಿತು.

ಆ ಉಪಾಯವನ್ನು ಜಿಪಿಎನ್-30ಕ್ಕೆ ಅನ್ವಯಿಸಲು ಎರಡು ಅಡ್ಡಿಗಳಿವೆ. ಶ್ರೈಕ್‌ಗೆ ಅಲೆ ನಿಂತರೆ ದಾರಿ ತಪ್ಪುತ್ತಿತ್ತು. ನಂತರ ಬಂದ ಹಾರ್ಮ್ ಕ್ಷಿಪಣಿ ಕೊನೆಯದಾಗಿ ಕೇಳಿದ ಜಾಗವನ್ನು ನೆನಪಿಟ್ಟು ಅತ್ತಲೇ ಸಾಗಬಲ್ಲದು, ಅದರ ಮುಂದಿನ ರೂಪವಾದ ಎಎಆರ್‌ಜಿಎಂ ಜಿಪಿಎಸ್ ಜೊತೆಗೆ ತನ್ನದೇ ಮಿಲಿಮೀಟರ್ ಅಲೆಯ ರಾಡಾರ್ ಹೊತ್ತು ಬರುತ್ತದೆ. ಎರಡನೆಯದು ಇನ್ನೂ ಸರಳ. ಕಾಂಕ್ರೀಟಿನಲ್ಲಿ ಊರಿದ ಉಕ್ಕಿನ ಗೋಪುರದ ಮೇಲೆ ವರ್ಷಗಟ್ಟಲೆ ತಿರುಗುವ ಆಂಟೆನಾದ ಅಕ್ಷಾಂಶ ರೇಖಾಂಶಗಳು ಉಪಗ್ರಹ ಚಿತ್ರ ತೆರೆದ ಯಾರಿಗೂ ಸಿಗುತ್ತವೆ. ಅದನ್ನು ಹೊಡೆಯಲು ರಾಡಾರ್ ಬೇಟೆಯ ದುಬಾರಿ ಕ್ಷಿಪಣಿಯೇ ಬೇಕಿಲ್ಲ, ಸ್ಥಾನ ತುಂಬಿ ಬಿಟ್ಟ ಒಂದು ಡ್ರೋನ್ ಸಾಕು. ಆರಿಸಿಟ್ಟ ಗೋಪುರವೂ ಅಲ್ಲೇ ನಿಂತಿರುತ್ತದೆ. ಮೇಲಾಗಿ ವಾಯುರಕ್ಷಣಾ ರಾಡಾರನ್ನು ಅರ್ಧ ಗಂಟೆ ಆರಿಸಿದರೆ ಪಕ್ಕದ ನೆಲೆಯ ರಾಡಾರ್ ಆ ಜಾಗ ತುಂಬಬಹುದು. ಆದರೆ ನೆಲೆಯ ಎಟಿಸಿ (ವಾಯು ಸಂಚಾರ ನಿಯಂತ್ರಣ) ರಾಡಾರ್ ಬೇಕಾಗುವುದೇ ವಿಮಾನಗಳು ಮರಳುವ ಆ ಅರ್ಧ ಗಂಟೆಯಲ್ಲಿ.

ಶತ್ರು ಇದಕ್ಕೆ ಮೊದಲ ಆದ್ಯತೆ ಕೊಡುವುದಿಲ್ಲ ಎಂಬ ವಾದವನ್ನು ಪೂರ್ತಿ ತಳ್ಳಿಹಾಕಲಾಗದು. 1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ಭಾರತದ ವಾಯುನೆಲೆಗಳ ಜೊತೆಗೆ ಅಮೃತಸರ ಮತ್ತು ಫರೀದ್‌ಕೋಟ್‌ಗಳ ರಾಡಾರ್ ಕೇಂದ್ರಗಳತ್ತ ಬಂದವು. ಅವು ದಾಳಿಯ ಮುನ್ಸೂಚನೆ ಕೊಡುವ ಕೇಂದ್ರಗಳು, ಇಳಿಸುವ ರಾಡಾರ್‌ಗಳಲ್ಲ. ಆದರೂ ರನ್‌ವೇಯ ಗುಂಡಿಯನ್ನು ಕೆಲವೇ ಗಂಟೆಗಳಲ್ಲಿ ಮುಚ್ಚಬಹುದು, ಈ ಆಂಟೆನಾವನ್ನೂ ಅದರ ತಿರುಗುಪೀಠವನ್ನೂ ಹಾಗೆ ತೇಪೆ ಹಾಕಲಾಗದು ಎಂಬುದು ದಾಳಿಕೋರನಿಗೂ ಗೊತ್ತು. ಜ್ಯಾಮಿಂಗ್ (ಬೇರೆ ಅಲೆ ಬಿಟ್ಟು ರಾಡಾರನ್ನು ಕುರುಡಾಗಿಸುವುದು) ವಿಷಯದಲ್ಲಿ ಒಂದೇ ಮಾತು: ಕ್ಯಾಲಿಫೋರ್ನಿಯಾದ ಟ್ರಾವಿಸ್ ನೆಲೆಯಲ್ಲಿ ಪಕ್ಕದ ಗಾಳಿಯಂತ್ರಗಳ ರೆಕ್ಕೆಗಳೇ ಈ ರಾಡಾರಿನ ಚಿತ್ರವನ್ನು ಕೆಡಿಸುತ್ತವೆಂದು ವಾಯುಪಡೆ ಆಕ್ಷೇಪಿಸಿತ್ತು, ಹಗೆತನವಿಲ್ಲದ ಗಾಳಿಯಂತ್ರದ್ದೇ ಇಷ್ಟು ಕಾಟ.

ಹೋಲಿಕೆಗೆ ಅಮೆರಿಕದ ಭೂಸೇನೆ ಬಳಸುವ ಅಟ್‌ನಾವಿಕ್ಸ್ ಎಂಬ ಟಿಪಿಎನ್-31 ಇದೆ. ಹಮ್‌ವೀ ವಾಹನಗಳ ಮೇಲೆ ಬರುತ್ತದೆ, ಸುಮಾರು ಒಂದು ಗಂಟೆಯಲ್ಲಿ ಸಜ್ಜಾಗುತ್ತದೆ, ಇಳಿಯುವ ವಿಮಾನವನ್ನು ರನ್‌ವೇ ತುದಿಯವರೆಗೆ ಮಾತಿನಲ್ಲೇ ಕರೆತರುವ ಪ್ರಿಸಿಷನ್ ಅಪ್ರೋಚ್ ರಾಡಾರನ್ನೂ ಒಳಗೊಂಡಿದೆ. ನೋಟ ಮಾತ್ರ 25 ನಾಟಿಕಲ್ ಮೈಲಿಗೆ ಸೀಮಿತ. ದಿನಕ್ಕೊಂದು ಜಾಗ ಬದಲಿಸಬಲ್ಲ 25 ಮೈಲಿಯ ರಾಡಾರ್, ಒಂದೇ ಪೆಟ್ಟಿಗೆ ಸೊನ್ನೆಯಾಗುವ 60 ಮೈಲಿಯದಕ್ಕಿಂತ ಯುದ್ಧದಲ್ಲಿ ಮೇಲು ಎಂದೇ ನನ್ನ ಅಭಿಪ್ರಾಯ.

ಐದಕ್ಕೆ ಅಂಕ ಕೊಡುವುದಾದರೆ ಜಿಪಿಎನ್-30ಕ್ಕೆ ಶಾಂತಿಕಾಲದಲ್ಲಿ ಐದು, ಯುದ್ಧಕಾಲದಲ್ಲಿ ಒಂದೂವರೆ. ಆ ಅರ್ಧ ಅಂಕ ಮಾಡ್ಯೂಲುಗಳ ಗಟ್ಟಿತನಕ್ಕೆ. ಇದನ್ನು ಕೊಳ್ಳುವ ವಾಯುಪಡೆ ಜೊತೆಯಲ್ಲೇ ಒಂದು ಚಲಿಸುವ ರಾಡಾರಿಗೂ ಹಣ ಎತ್ತಿಟ್ಟು ಅದನ್ನು ನೆಲೆಯಿಂದ ದೂರ ಮರೆಯಲ್ಲಿ ನಿಲ್ಲಿಸಬೇಕು, ಕಂಟ್ರೋಲರುಗಳಿಗೆ ಆಗಾಗ ಪರದೆ ಆರಿಸಿ ಹತ್ತು ನಿಮಿಷದ ಅಂತರದಲ್ಲೇ ವಿಮಾನ ಇಳಿಸುವ ಅಭ್ಯಾಸ ಮಾಡಿಸಬೇಕು.